ಯಾರು ಹೊರುತ್ತಾರೆ, ಯಾರಿಗೆ ಸೇರುತ್ತದೆ: ಗ್ರೀಕ್ ‘ಕರ್ಪೊಫೊರೆಯೊ’ ಪದದ ಅರ್ಥ

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ‘ಫಲ ಕೊಡು’ ಎಂಬುದನ್ನು ಒಂದೇ ಮಾತಿನಲ್ಲಿ ಹೇಳುವ ಕ್ರಿಯಾಪದ ‘ಕರ್ಪೊಫೊರೆಯೊ’. ಅದು ಬರುವುದು ಎಂಟೇ ಕಡೆ. ಬಿತ್ತುವವನ ಸಾಮ್ಯದ ವಿವರಣೆಯಲ್ಲಿ ಮತ್ತಾಯ, ಮಾರ್ಕ, ಲೂಕ ಮೂವರೂ ಒಂದೊಂದು ಸಲ ಬಳಸಿದ್ದಾರೆ; ತಾನಾಗಿ ಬೆಳೆಯುವ ಬೀಜದ ಸಾಮ್ಯದಲ್ಲಿ ಮಾರ್ಕ ಇನ್ನೊಮ್ಮೆ ಬಳಸಿದ್ದಾನೆ. ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ ಎರಡು ಸಲ, ಕೊಲೊಸ್ಸೆಯವರಿಗೆ ಬರೆದ ಪತ್ರದ 1ನೇ ಅಧ್ಯಾಯದಲ್ಲಿ ಎರಡು ಸಲ ಬಂದಿದೆ. ಈ ಪದದ ಅರ್ಥವನ್ನು ಗ್ರೀಕ್ ಬಲ್ಲ ಹಿರಿಯರೊಬ್ಬರೂ ಕಿರಿಯ ಓದುಗನೊಬ್ಬನೂ ಸ್ವೀಡನ್ನಿನಲ್ಲಿ ದೊರೆಯುವ ಸಾಕ್ಷ್ಯಗಳನ್ನು ಆಧರಿಸಿ ಇಲ್ಲಿ ಚರ್ಚಿಸುತ್ತಾರೆ.

ಕಿರಿಯ: ಪದವನ್ನು ಬಿಡಿಸಿದರೆ ಏನು ಸಿಗುತ್ತದೆ, ಮೇಷ್ಟ್ರೇ?

ಹಿರಿಯ: ಎರಡು ಭಾಗ ಸಿಗುತ್ತವೆ. ‘ಕರ್ಪೊಸ್’ ಎಂದರೆ ಫಲ, ‘ಫೆರೊ’ ಎಂದರೆ ಹೊರು ಅಥವಾ ತರು. ಎರಡನೆಯದಕ್ಕೆ ನಂಟರು ಬಹಳ. ಸಂಸ್ಕೃತದ ‘ಭೃ’ ಧಾತು, ಅದರಿಂದ ಕನ್ನಡಕ್ಕೆ ಬಂದ ‘ಭಾರ’, ‘ಭರಿಸು’, ಸ್ವೀಡಿಷ್ ಭಾಷೆಯ ‘ಬ್ಯಾರಾ’ ಎಲ್ಲವೂ ಒಂದೇ ಮೂಲದವು. ಮೊದಲ ಭಾಗದ ಬೇರು ‘ಕೀಳು’, ‘ಕೊಯ್ಯು’ ಎಂಬ ಅರ್ಥದ ಹಳೆಯ ಧಾತು. ಲ್ಯಾಟಿನ್ನಿನಲ್ಲಿ ಕೀಳುವುದಕ್ಕಿರುವ ‘ಕಾರ್ಪೆರೆ’ ಆ ಬೇರಿನದೇ. ಸ್ವೀಡಿಷರು ಶರತ್ಕಾಲಕ್ಕೆ ‘ಹೊಸ್ಟ್’ ಎನ್ನುತ್ತಾರೆ. ಅದೂ ಆ ಬೇರಿನಿಂದ ಹುಟ್ಟಿ, ಮೊದಲಿಗೆ ಕೊಯ್ಲಿನ ಕಾಲ ಎಂಬ ಅರ್ಥ ಕೊಡುತ್ತಿತ್ತು.

ಕಿರಿಯ: ಹಾಗಾದರೆ ‘ಕೊಯ್ಯುವಂಥದ್ದನ್ನು ಹೊರುವುದು’ ಎಂದು ಅರ್ಥ ಮಾಡಿಬಿಡಬಹುದಲ್ಲ?

ಹಿರಿಯ: ಅವಸರ ಬೇಡ. ಬೇರು ಪದದ ಹುಟ್ಟನ್ನು ಹೇಳುತ್ತದೆ, ಅರ್ಥವನ್ನು ನಿರ್ಧರಿಸುವುದು ಬಳಕೆ. ಒಂದನೇ ಶತಮಾನದಲ್ಲಿ ಗ್ರೀಕ್ ಆಡುತ್ತಿದ್ದವರಿಗೆ ‘ಕೊಯ್ಯು’ ಎಂಬ ಆ ಹಳೆಯ ಬೇರು ನೆನಪಿನಲ್ಲಿ ಇರಲಿಲ್ಲ. ಅವರಿಗೆ ಇದು ಹೊಲ, ತೋಟಗಳ ಸಾಮಾನ್ಯ ಮಾತು. ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಥಿಯೊಫ್ರಾಸ್ಟಸ್ ತನ್ನ ಸಸ್ಯಗ್ರಂಥಗಳಲ್ಲಿ ಗಿಡ ಕಾಯಿ ಬಿಡುವುದಕ್ಕೆ ಈ ಕ್ರಿಯಾಪದವನ್ನೇ ಬಳಸಿದ್ದಾನೆ. ಬೀಜವೂ ಅದರ ಹೊದಿಕೆಯೂ ಸೇರಿದರೆ ಕರ್ಪೊಸ್ ಎಂಬುದು ಅವನ ವಿವರಣೆ. ಈ ಪ್ರಕಾರ ಅಂಜೂರ, ದ್ರಾಕ್ಷಿ, ಆಲಿವ್ ಕಾಯಿಗಳಂತೆ ಗೋಧಿಯ ತೆನೆಯೂ ಕರ್ಪೊಸ್. ಕನ್ನಡದಲ್ಲಿ ಹಣ್ಣು, ಕಾಯಿ, ಬೆಳೆ, ಫಸಲು ಎಂದು ಬೇರೆಬೇರೆ ಮಾತಿನಲ್ಲಿ ಹೇಳುವುದೆಲ್ಲ ಗ್ರೀಕಿನ ಈ ಒಂದು ಮಾತಿನಲ್ಲಿ ಅಡಗುತ್ತದೆ.

ಕಿರಿಯ: ಸತ್ಯವೇದದಲ್ಲಿ ಹೊಲಕ್ಕೆ ಸಂಬಂಧವಿಲ್ಲದ ಕಡೆಯೂ ‘ಫಲ’ ಬರುತ್ತದಲ್ಲ?

ಹಿರಿಯ: ನಾಮಪದದ ಹರವು ದೊಡ್ಡದು. ಹೊಸ ಒಡಂಬಡಿಕೆಯಲ್ಲಿ ‘ಕರ್ಪೊಸ್’ ಅರವತ್ತಕ್ಕೂ ಹೆಚ್ಚು ಸಲ ಬರುತ್ತದೆ. ಲೂಕನಲ್ಲಿ ಎಲಿಸಬೇತಳು ಮರಿಯಳನ್ನು ಹರಸುವಾಗ ಗರ್ಭದ ಕೂಸು ಕರ್ಪೊಸ್. ಇಬ್ರಿಯರಿಗೆ ಬರೆದ ಪತ್ರದಲ್ಲಿ ತುಟಿಯಿಂದ ಹೊರಡುವ ಸ್ತುತಿ ಕರ್ಪೊಸ್. ಪೌಲನು ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನೂ ಹಾಗೆಯೇ ಕರೆಯುತ್ತಾನೆ. ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಪ್ರೀತಿ, ಸಂತೋಷ, ಸಮಾಧಾನ ಮೊದಲಾದ ಒಂಬತ್ತು ಗುಣಗಳು ಸೇರಿ ಆತ್ಮದ ಒಂದೇ ಕರ್ಪೊಸ್. ಅಲ್ಲಿ ಶರೀರಭಾವದ ‘ಕೆಲಸಗಳು’ ಬಹುವಚನದಲ್ಲಿವೆ, ಆತ್ಮದ ‘ಫಲ’ ಏಕವಚನದಲ್ಲಿದೆ. ಕೆಲಸಗಳನ್ನು ಒಂದೊಂದಾಗಿ ಎಣಿಸಬಹುದು. ಆ ಒಂಬತ್ತು ಗುಣಗಳು ಒಂದೇ ಗೊನೆಯಲ್ಲಿ ಬಿಟ್ಟ ಕಾಯಿಗಳು. ಈ ವ್ಯತ್ಯಾಸವನ್ನು ನೆನಪಿಟ್ಟುಕೊಂಡು ಕ್ರಿಯಾಪದಕ್ಕೆ ಬರೋಣ.

ಕಿರಿಯ: ಕ್ರಿಯಾಪದ ಮೊದಲು ಕಾಣುವುದು ಬಿತ್ತುವವನ ಸಾಮ್ಯದಲ್ಲಿ.

ಹಿರಿಯ: ಸಾಮ್ಯದಲ್ಲಲ್ಲ, ಅದರ ವಿವರಣೆಯಲ್ಲಿ. ಸಾಮ್ಯವನ್ನು ಹೇಳುವಾಗ ಸುವಾರ್ತೆಗಾರರು ಬೇರೆ ಕ್ರಿಯಾಪದಗಳನ್ನು ಹಿಡಿಯುತ್ತಾರೆ. ಮಾರ್ಕನಲ್ಲೂ ಮತ್ತಾಯನಲ್ಲೂ ಒಳ್ಳೆಯ ನೆಲದಲ್ಲಿ ಬಿದ್ದ ಬೀಜ ಫಲವನ್ನು ‘ಕೊಟ್ಟಿತು’. ಲೂಕನಲ್ಲಿ ಫಲವನ್ನು ‘ಮಾಡಿತು’. ನೆಲವೆಂದರೆ ವಾಕ್ಯವನ್ನು ಕೇಳುವ ಮನುಷ್ಯರು ಎಂದು ಬಿಡಿಸಿ ಹೇಳುವ ಹೊತ್ತಿಗೆ ಮೂವರೂ ‘ಕರ್ಪೊಫೊರೆಯೊ’ಗೆ ತಿರುಗುತ್ತಾರೆ. ಅದೂ ವರ್ತಮಾನ ಕಾಲದಲ್ಲಿ. ಗ್ರೀಕಿನ ವರ್ತಮಾನ ಕಾಲಕ್ಕೆ ‘ಮಾಡುತ್ತ ಇರುತ್ತಾರೆ’ ಎಂಬ ಛಾಯೆ ಇರಬಲ್ಲದು. ಒಂದು ಸಲ ಕೊಟ್ಟು ಮುಗಿಸುವ ಕೆಲಸಕ್ಕಿಂತ, ಬೆಳೆಯನ್ನು ಹೊತ್ತು ನಿಲ್ಲುವ ಸ್ಥಿತಿ ಇಲ್ಲಿ ಮುಖ್ಯ.

ಕಿರಿಯ: ಕೊಡು, ಮಾಡು, ಹೊರು ಎಂಬ ಭೇದ ಇಂದಿನ ವ್ಯಾಕರಣಕಾರರು ಹುಡುಕಿದ್ದೋ, ಹಳಬರಿಗೂ ಕಾಣುತ್ತಿತ್ತೋ?

ಹಿರಿಯ: ಅದಕ್ಕೆ ಸಾಕ್ಷಿ ಉಪ್ಸಾಲಾದಲ್ಲಿದೆ. ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯ ಕರೊಲಿನಾ ರೆಡಿವಿವಾದಲ್ಲಿ ಬೆಳ್ಳಿ ಬೈಬಲ್ ಎಂದು ಹೆಸರಾದ ‘ಕೋಡೆಕ್ಸ್ ಅರ್ಜೆಂಟಿಯಸ್’ ಹಸ್ತಪ್ರತಿ ಇದೆ. ನೇರಳೆ ಬಣ್ಣ ಹಾಕಿದ ತೊಗಲಿನ ಹಾಳೆಗಳ ಮೇಲೆ ಬೆಳ್ಳಿಯ ಮಸಿಯಲ್ಲಿ, ಮುಖ್ಯ ಸಾಲುಗಳನ್ನು ಚಿನ್ನದ ಮಸಿಯಲ್ಲಿ ಬರೆದ ನಾಲ್ಕು ಸುವಾರ್ತೆಗಳು ಅದರಲ್ಲಿವೆ. ಭಾಷೆ ಗೋಥಿಕ್. ಬಿಷಪ್ ವುಲ್ಫಿಲಾ 4ನೇ ಶತಮಾನದಲ್ಲಿ ಗೋಥ್ ಜನರಿಗಾಗಿ ಲಿಪಿಯೊಂದನ್ನು ರೂಪಿಸಿ ಗ್ರೀಕಿನಿಂದ ಮಾಡಿದ ಅನುವಾದ ಅದು. ಈ ಪ್ರತಿಯನ್ನು ಬರೆದದ್ದು 6ನೇ ಶತಮಾನದ ಆರಂಭದಲ್ಲಿ, ಬಹುಶಃ ಇಟಲಿಯ ರಾವೆನ್ನಾದಲ್ಲಿ, ತಿಯೊಡೊರಿಕ್ ದೊರೆಯ ಕಾಲಕ್ಕೆ.

ಕಿರಿಯ: ಇಟಲಿಯ ಪ್ರತಿ ಸ್ವೀಡನ್ನಿಗೆ ಬಂದದ್ದು ಹೇಗೆ?

ಹಿರಿಯ: ಯುದ್ಧದ ಲೂಟಿಯಾಗಿ. ಮೂವತ್ತು ವರ್ಷಗಳ ಯುದ್ಧದ ಕೊನೆಗೆ, 1648ರಲ್ಲಿ, ಸ್ವೀಡಿಷ್ ಸೈನ್ಯ ಪ್ರಾಗ್‌ನಿಂದ ಹೊತ್ತು ತಂದ ಸಂಪತ್ತಿನಲ್ಲಿ ಇದೂ ಇತ್ತು. ಕ್ರಿಸ್ಟಿನಾ ರಾಣಿಯ ಗ್ರಂಥಾಲಯಕ್ಕೆ ಸೇರಿತು. ಆಮೇಲೆ ಹಾಲೆಂಡಿಗೆ ಹೋಯಿತು. 1662ರಲ್ಲಿ ಮ್ಯಾಗ್ನಸ್ ಗೇಬ್ರಿಯಲ್ ಡಿ ಲಾ ಗಾರ್ಡಿ ಅದನ್ನು ಮತ್ತೆ ಕೊಂಡು, 1669ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ದಾನ ಮಾಡಿದ. ಮೂಲದಲ್ಲಿ 336 ಹಾಳೆಗಳಿದ್ದವು ಎಂದು ಲೆಕ್ಕ; ಈಗ ಉಪ್ಸಾಲಾದಲ್ಲಿ 187 ಇವೆ. ಕಳೆದುಹೋದ ಹಾಳೆಗಳಲ್ಲಿ ಒಂದು 1970ರಲ್ಲಿ ಜರ್ಮನಿಯ ಸ್ಪೇಯರ್ ಕೆಥೆಡ್ರಲ್‌ನಲ್ಲಿ ಸಿಕ್ಕಿತು. ಮತ್ತಾಯನ 13ನೇ ಅಧ್ಯಾಯ ಉಳಿದಿಲ್ಲ. ನಮ್ಮ ಅದೃಷ್ಟಕ್ಕೆ ಮಾರ್ಕನ 4ನೇ ಅಧ್ಯಾಯವೂ ಲೂಕನ 8ನೇ ಅಧ್ಯಾಯವೂ ಉಳಿದಿವೆ.

ಕಿರಿಯ: ಅಲ್ಲಿ ಈ ಮೂರು ಕ್ರಿಯಾಪದಗಳು ಹೇಗೆ ಕಾಣುತ್ತವೆ?

ಹಿರಿಯ: ಬೇರೆಬೇರೆಯಾಗಿಯೇ. ಫಲಕ್ಕೆ ಗೋಥಿಕ್ ಪದ ‘ಅಕ್ರನ್’. ಅದು ಹೊಲ ಎಂಬ ಅರ್ಥದ ‘ಅಕ್ರ್ಸ್’ ಪದದ ಬಳಗದ್ದು. ಸ್ವೀಡಿಷರು ಇಂದಿಗೂ ಉತ್ತ ಹೊಲಕ್ಕೆ ‘ಓಕೆರ್’ ಎನ್ನುತ್ತಾರೆ. ಮಾರ್ಕನ ಸಾಮ್ಯದಲ್ಲಿ ಬೀಜ ಅಕ್ರನ್ ಅನ್ನು ಕೊಡುತ್ತದೆ, ಲೂಕನ ಸಾಮ್ಯದಲ್ಲಿ ಮಾಡುತ್ತದೆ. ಮತ್ತಾಯನ 7ನೇ ಅಧ್ಯಾಯದಲ್ಲಿ ಒಳ್ಳೆಯ ಮರ, ಕೆಟ್ಟ ಮರಗಳ ಮಾತು ಬಂದಾಗಲೂ ಗ್ರೀಕಿನಂತೆ ‘ಮಾಡು’ ಎಂಬ ಕ್ರಿಯಾಪದವೇ. ‘ಕರ್ಪೊಫೊರೆಯೊ’ ಬಂದ ಕಡೆಗಳಲ್ಲಿ ಮಾತ್ರ ‘ಬೆರನ್’, ಅಂದರೆ ಹೊರು. ಗೋಥಿಕ್ ಬರೆದವರು ಮೂಲದ ಹೊರುವ ಭಾವವನ್ನು ಗಮನಿಸಿದ್ದರು, ಕೈಬಿಡಲಿಲ್ಲ. ಇಂದಿನ ಸ್ವೀಡಿಷ್ ಭಾಷೆಯಲ್ಲೂ ಪ್ರಯತ್ನ ಕೈಗೂಡಿತು ಎನ್ನಲು ‘ಬ್ಯಾರಾ ಫ್ರುಕ್ಟ್’, ಅಂದರೆ ಫಲ ಹೊರು, ಎಂಬ ನುಡಿಗಟ್ಟು ದಿನಬಳಕೆಯದು. ‘ಫ್ರುಕ್ಟ್’ ಮಾತ್ರ ಲ್ಯಾಟಿನ್ ‘ಫ್ರುಕ್ಟುಸ್’ನಿಂದ ಬಂದ ಪದ, ಕ್ರಿಯಾಪದ ಗೋಥಿಕ್ಕಿನದರ ಒಡಹುಟ್ಟು.

ಕಿರಿಯ: ಹೊರುವುದು ಎಂದರೆ ಸುಮ್ಮನೆ ತೂಕ ತಾಳುವುದೇ? ಕಾಯಿ ಬಿಟ್ಟ ಮಾತ್ರಕ್ಕೆ ಸಾಕೇ?

ಹಿರಿಯ: ಸಾಲದು ಎಂಬುದನ್ನು ಲೂಕ ಸ್ಪಷ್ಟವಾಗಿ ಹೇಳುತ್ತಾನೆ. ಮುಳ್ಳಿನ ನಡುವೆ ಬಿದ್ದ ಬೀಜವೂ ಅವನಲ್ಲಿ ಮೊಳೆಯುತ್ತದೆ, ಬೆಳೆಯುತ್ತದೆ. ಚಿಂತೆ, ಐಶ್ವರ್ಯ, ಭೋಗಗಳು ಅದನ್ನು ಅಡಗಿಸುತ್ತವೆ. ಅಲ್ಲಿ ಅವನು ಬಳಸುವ ಪದ ‘ತೆಲೆಸ್ಫೊರೆಯೊ’, ಕೊನೆಯವರೆಗೆ ಹೊರು, ಮಾಗಿಸು ಎಂಬ ಅರ್ಥದ್ದು. ಹೊಸ ಒಡಂಬಡಿಕೆಯಲ್ಲಿ ಇನ್ನೆಲ್ಲೂ ಇಲ್ಲದ ಪದ. ಮುಳ್ಳಿನ ನಡುವಿನ ಪೈರು ಹಾಗೆ ಹೊರಲಾರದು. ನಮ್ಮ ರೈತರ ಮಾತಿನಲ್ಲಿ ಹೇಳುವುದಾದರೆ ತೆನೆ ಬಂದಿದೆ, ಕಾಳು ಕಟ್ಟಿಲ್ಲ, ಜೊಳ್ಳು. ಮುಂದಿನ ವಚನದಲ್ಲೇ, ಒಳ್ಳೆಯ ನೆಲಕ್ಕೆ, ‘ಕರ್ಪೊಫೊರೆಯೊ’ ಬರುತ್ತದೆ, ಜೊತೆಗೆ ‘ಹುಪೊಮೊನೆ’ ಎಂಬ ಮಾತೂ ಬರುತ್ತದೆ. ತಾಳ್ಮೆ ಎಂದು ಅನುವಾದಿಸಬಹುದು. ಬಿಡಿಸಿ ನೋಡಿದರೆ, ಭಾರದ ಕೆಳಗೆ ನಿಂತೇ ಇರುವುದು.

ಕಿರಿಯ: ಗೋಥಿಕ್ ಅದನ್ನೂ ಹಿಡಿದಿದೆಯೇ?

ಹಿರಿಯ: ‘ಥುಲೈನ್ಸ್’ ಎಂಬ ಪದದಿಂದ. ಸಹಿಸು ಎಂಬ ಅರ್ಥದ ಸ್ವೀಡಿಷ್ ‘ತೋಲಾ’ ಅದರ ಸೋದರಿ. ಸಂಸ್ಕೃತದ ‘ತುಲಾ’, ಎತ್ತಿ ತೂಗುವ ತಕ್ಕಡಿ, ಅದೇ ಬೇರಿನದು. ಹೀಗೆ ಬೆಳ್ಳಿ ಬೈಬಲ್ಲಿನ ಆ ವಚನದಲ್ಲಿ ಕ್ರಿಯಾಪದವೂ ಹೊರುವುದನ್ನೇ ಹೇಳುತ್ತದೆ, ತಾಳ್ಮೆಯ ಪದವೂ ಮೂಲದಲ್ಲಿ ಹೊರುವುದನ್ನೇ ಹೇಳುತ್ತದೆ. ಬಿತ್ತನೆಗೂ ಕೊಯ್ಲಿಗೂ ನಡುವಿನ ತಿಂಗಳುಗಳು ‘ಕರ್ಪೊಫೊರೆಯೊ’ದ ಅರ್ಥದೊಳಗೇ ಇವೆ. ಫಲಿತಾಂಶ ಎಂಬ ಇಂದಿನ ಮಾತಿನಲ್ಲಿ ಆ ಕಾಲ ಕಾಣುವುದಿಲ್ಲ.

ಕಿರಿಯ: ಸ್ವೀಡನ್ನಿನ ಚಳಿಯಲ್ಲಿ ಆ ತಿಂಗಳುಗಳು ಇನ್ನೂ ಉದ್ದವಾಗಿರಬೇಕು.

ಹಿರಿಯ: ಅಲ್ಲಿನ ಸಭೆಯ ಹಳೆಯ ಪಾಠಕ್ರಮದಲ್ಲಿ ಲೂಕನ ಈ ಸಾಮ್ಯವನ್ನು ಓದುತ್ತಿದ್ದದ್ದು ಸೆಕ್ಸಾಜೆಸಿಮಾ ಭಾನುವಾರ, ಅಂದರೆ ಈಸ್ಟರಿಗೆ ಎಂಟು ವಾರ ಮುಂಚೆ. ಹೆಚ್ಚಿನ ವರ್ಷಗಳಲ್ಲಿ ಅದು ಫೆಬ್ರವರಿ. ಹೊಲಗಳ ಮೇಲೆ ಹಿಮ ಬಿದ್ದಿರುವ ಕಾಲ. ಆ ನಾಡಿನ ರೈತರಿಗೆ ಸಾಮ್ಯದ ಸಂಖ್ಯೆಗಳೂ ವಿಶೇಷವಾಗಿ ಕೇಳಿಸುತ್ತಿದ್ದವು. ಹಿಂದೆ ಸ್ವೀಡನ್ನಿನಲ್ಲಿ ಇಳುವರಿಯನ್ನು ಎಣಿಸುತ್ತಿದ್ದದ್ದು ‘ಕೂರ್ನ್‌ತಾಲ್’ ಲೆಕ್ಕದಲ್ಲಿ: ಒಂದು ಕಾಳು ಬಿತ್ತಿದರೆ ಎಷ್ಟು ಕಾಳು ಬಂತು ಎಂದು. 16, 17ನೇ ಶತಮಾನಗಳಲ್ಲಿ ರೈ, ಬಾರ್ಲಿಗಳಿಗೆ ಅದು ಸಾಮಾನ್ಯವಾಗಿ ಮೂರರಿಂದ ಐದು. ಅದರಲ್ಲೂ ಒಂದು ಪಾಲನ್ನು ಮುಂದಿನ ಬಿತ್ತನೆಗೆ ಎತ್ತಿಡಬೇಕು. ಒಂದಕ್ಕೆ ಮೂವತ್ತು, ಅರವತ್ತು, ನೂರು ಎಂಬ ಮಾತು ಅಂಥವರ ಕಿವಿಗೆ ಹೊಲದ ಲೆಕ್ಕವಾಗಿ ಕೇಳಿಸುವುದು ಸಾಧ್ಯವೇ ಇರಲಿಲ್ಲ. ಬೆಳ್ಳಿ ಬೈಬಲ್ಲಿನ ಮಾರ್ಕನಲ್ಲಿ ಈ ಸಂಖ್ಯೆಗಳನ್ನು ಗೋಥಿಕ್ ಕ್ರಮದಂತೆ ಒಂದೊಂದು ಅಕ್ಷರದಿಂದ ಸೂಚಿಸಿದ್ದಾರೆ.

ಕಿರಿಯ: ಮೂವತ್ತು ಕೊಟ್ಟದ್ದು ನೂರು ಕೊಟ್ಟದ್ದಕ್ಕಿಂತ ಕೀಳೇ?

ಹಿರಿಯ: ಸಾಮ್ಯ ಹಾಗೆ ಹೇಳುವುದಿಲ್ಲ. ಮೂರೂ ಒಳ್ಳೆಯ ನೆಲವೇ, ಮೂರಕ್ಕೂ ಒಂದೇ ಕ್ರಿಯಾಪದ. ಲೂಕ ತನ್ನ ಸಾಮ್ಯದಲ್ಲಿ ನೂರನ್ನು ಮಾತ್ರ ಉಳಿಸಿಕೊಂಡು, ವಿವರಣೆಯಲ್ಲಿ ಸಂಖ್ಯೆಗಳನ್ನೇ ಬಿಟ್ಟು, ಆ ಜಾಗದಲ್ಲಿ ತಾಳ್ಮೆಯನ್ನು ಇಟ್ಟಿದ್ದಾನೆ. ಇಳುವರಿಯ ಅಳತೆ ಈ ಕ್ರಿಯಾಪದದ ಅರ್ಥಕ್ಕೆ ಸೇರಿದ್ದಲ್ಲ.

ಕಿರಿಯ: ಹೊರುವವರು ಮನುಷ್ಯರು, ತಾಳ್ಮೆಯೂ ಅವರದು. ಆದರೆ ಮಾರ್ಕನ ಇನ್ನೊಂದು ಸಾಮ್ಯದಲ್ಲಿ ರೈತ ಬಿತ್ತಿ ಮಲಗುತ್ತಾನೆ, ಏಳುತ್ತಾನೆ. ಬೆಳೆ ಹೇಗೆ ಬಂತೆಂದು ಅವನಿಗೇ ತಿಳಿಯದು. ಇವೆರಡೂ ಹೊಂದುವುದು ಹೇಗೆ?

ಹಿರಿಯ: ಒಳ್ಳೆಯ ಪ್ರಶ್ನೆ. ಆ ಸಾಮ್ಯದಲ್ಲಿ ನಮ್ಮ ಕ್ರಿಯಾಪದದ ಕರ್ತೃ ಭೂಮಿ. ಅದರ ಪಕ್ಕದಲ್ಲಿ ‘ಔತೊಮಾತೆ’, ತಾನಾಗಿಯೇ, ಎಂಬ ವಿಶೇಷಣವಿದೆ. ಇಂದಿನ ‘ಆಟೊಮ್ಯಾಟಿಕ್’ ಹುಟ್ಟಿದ್ದು ಅದೇ ಪದದಿಂದ. ಮೊದಲು ಗರಿ, ಆಮೇಲೆ ತೆನೆ, ಆಮೇಲೆ ತೆನೆಯಲ್ಲಿ ತುಂಬಿದ ಕಾಳು, ಹೀಗೆ ಹಂತಗಳು ಬರುತ್ತವೆ. ರೈತನಿಗೆ ಅವುಗಳಲ್ಲಿ ಯಾವುದನ್ನೂ ಬೇಗ ತರಿಸಲಾಗದು. ಎರಡು ಸಾಮ್ಯಗಳನ್ನು ಒಟ್ಟಿಗೆ ಇಟ್ಟರೆ ಪದದ ಎರಡು ಮಗ್ಗುಲು ಕಾಣುತ್ತವೆ. ಬೆಳೆಯುವ ಶಕ್ತಿ ಹೊರುವವರದಲ್ಲ, ಬಿತ್ತಿದ ಬೀಜದ್ದು. ಅದನ್ನು ಬಿಡದೆ ಕೊನೆಯತನಕ ಹೊರುವುದು ಮಾತ್ರ ಅವರದು. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲೂ ಈ ಎರಡು ಮಗ್ಗುಲುಗಳಿವೆ: 1ನೇ ಅಧ್ಯಾಯದ 6ನೇ ವಚನದಲ್ಲಿ ಸುವಾರ್ತೆಯೇ ಲೋಕದಲ್ಲೆಲ್ಲ ಫಲ ಹೊರುತ್ತ ಬೆಳೆಯುತ್ತದೆ, 10ನೇ ವಚನದಲ್ಲಿ ಸಭೆಯವರು ಸಕಲ ಸತ್ಕಾರ್ಯಗಳಲ್ಲಿ ಫಲ ಹೊರುತ್ತ ಬೆಳೆಯಬೇಕು. ಮೊದಲನೆಯ ಕಡೆ ಕ್ರಿಯಾಪದ ಆತ್ಮನೇಪದದಂಥ ರೂಪದಲ್ಲಿದೆ, ಎರಡನೆಯ ಕಡೆ ಕರ್ತರಿ ರೂಪದಲ್ಲಿದೆ. ಸುವಾರ್ತೆ ತನ್ನೊಳಗಿನ ಶಕ್ತಿಯಿಂದಲೇ ಬೆಳೆಯುವುದನ್ನು ಮೊದಲ ರೂಪ ಸೂಚಿಸುತ್ತದೆಂದು ಕೆಲವು ವ್ಯಾಖ್ಯಾನಕಾರರು ಹೇಳುತ್ತಾರೆ.

ಕಿರಿಯ: ಯೋಹಾನನ ದ್ರಾಕ್ಷಿಬಳ್ಳಿಯನ್ನು ಮರೆತೆವಲ್ಲ?

ಹಿರಿಯ: ಮರೆತಿಲ್ಲ. ಯೋಹಾನ ಈ ಕೂಡುಪದವನ್ನು ಬಳಸುವುದೇ ಇಲ್ಲ. 15ನೇ ಅಧ್ಯಾಯದಲ್ಲಿ ‘ಫಲ’ವನ್ನೂ ‘ಹೊರು’ವನ್ನೂ ಬೇರೆಬೇರೆ ಪದವಾಗಿ ಇಡುತ್ತಾನೆ. ಅರ್ಥ ಒಂದೇ. ಅಲ್ಲಿ ಕೊಂಬೆಗೆ ವಿಧಿಸಿರುವ ಷರತ್ತು ಬಳ್ಳಿಯಲ್ಲಿ ‘ನೆಲೆಗೊಂಡಿರುವುದು’. ಅದಕ್ಕಿರುವ ಗ್ರೀಕ್ ಕ್ರಿಯಾಪದ ‘ಮೆನೊ’. ಲೂಕನ ‘ಹುಪೊಮೊನೆ’ ಹುಟ್ಟಿದ್ದೂ ಅದರಿಂದಲೇ. ಒಬ್ಬ ಹೊಲದ ಚಿತ್ರ ಕೊಟ್ಟ, ಇನ್ನೊಬ್ಬ ತೋಟದ ಚಿತ್ರ ಕೊಟ್ಟ. ಇಬ್ಬರೂ ಫಲದ ಜೊತೆಗೆ ಉಳಿಯುವಿಕೆಯನ್ನು ಕಟ್ಟಿದರು. ಯೋಹಾನ ಸೇರಿಸಿದ ಹೊಸ ಮಾತು ಕತ್ತರಿಯದು. ಫಲ ಹೊರುವ ಕೊಂಬೆಯನ್ನೂ ತೋಟಗಾರ ಸವರುತ್ತಾನೆ.

ಕಿರಿಯ: ಇನ್ನು ರೋಮಾಪುರದವರಿಗೆ ಬರೆದ ಪತ್ರ.

ಹಿರಿಯ: ಅದರ 7ನೇ ಅಧ್ಯಾಯದಲ್ಲಿ ಪೌಲ ಎರಡು ಅಕ್ಕಪಕ್ಕದ ವಚನಗಳಲ್ಲಿ ಈ ಕ್ರಿಯಾಪದಕ್ಕೆ ಚತುರ್ಥಿ ವಿಭಕ್ತಿ ಸೇರಿಸುತ್ತಾನೆ. ಒಂದರಲ್ಲಿ ದೇವರಿಗೆ ಫಲ ಹೊರುವುದು, ಇನ್ನೊಂದರಲ್ಲಿ ಮರಣಕ್ಕೆ ಫಲ ಹೊರುವುದು. ಗಂಡ ಸತ್ತ ಹೆಂಗಸು ಮರುಮದುವೆಯಾಗುವ ಉದಾಹರಣೆ ಅದರ ಹಿಂದೆಯೇ ಇರುವುದರಿಂದ, ಇಲ್ಲಿ ಫಲವೆಂದರೆ ಮಕ್ಕಳು ಎಂದು ಕೆಲವರು ಓದುತ್ತಾರೆ. ಅದೇನೇ ಇರಲಿ, ಎರಡು ಸಂಗತಿ ಖಚಿತ. ಪದ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಮತ್ತು ಹೊತ್ತ ಫಲ ಯಾರಿಗೆ ಸೇರಬೇಕು ಎಂಬ ಪ್ರಶ್ನೆ ಅದಕ್ಕೆ ಅಂಟಿಕೊಂಡೇ ಇದೆ. ದ್ರಾಕ್ಷಿತೋಟದ ಗೇಣಿದಾರರ ಸಾಮ್ಯದಲ್ಲೂ ಸುಗ್ಗಿಯ ಹೊತ್ತಿಗೆ ಒಡೆಯ ತನ್ನ ಪಾಲಿನ ಫಲಕ್ಕೆ ಆಳು ಕಳಿಸುತ್ತಾನಲ್ಲವೇ?

ಕಿರಿಯ: ಹಾಗಾದರೆ ಫಲ ಎಂದರೆ ಒಡೆಯನಿಗೆ ಸಲ್ಲಿಸುವ ಗೇಣಿ. ಕೊಟ್ಟರೆ ಉಳಿಗಾಲ, ಕೊಡದಿದ್ದರೆ ಕೊಡಲಿ. ಪುಣ್ಯ ಸಂಪಾದನೆಗೂ ಇದಕ್ಕೂ ಏನು ವ್ಯತ್ಯಾಸ?

ಹಿರಿಯ: ಈ ಪ್ರಶ್ನೆಯ ಮೇಲೆ ಸ್ವೀಡನ್ನಿನಲ್ಲಿ ಸಭೆಯ ನಿರ್ಣಯಗಳೂ ವಿಚಾರಣೆಗಳೂ ಆಗಿವೆ. ಹೊಸ ಒಡಂಬಡಿಕೆ ಸ್ವೀಡಿಷ್ ಭಾಷೆಯಲ್ಲಿ 1526ರಲ್ಲಿ, ಇಡೀ ಬೈಬಲ್ ಗುಸ್ತಾವ್ ವಾಸಾ ದೊರೆಯ ಕಾಲದಲ್ಲಿ 1541ರಲ್ಲಿ ಅಚ್ಚಾದವು. 1593ರ ಉಪ್ಸಾಲಾ ಮಹಾಸಭೆ ಲೂಥರನ ಅನುಯಾಯಿಗಳ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣವನ್ನು ದೇಶದ ಸಭೆಯ ಆಧಾರವಾಗಿ ಒಪ್ಪಿಕೊಂಡಿತು. ಅದರ 6ನೇ ವಿಧಿಯ ತಿರುಳು ಇದು: ನಂಬಿಕೆ ಒಳ್ಳೆಯ ಫಲಗಳನ್ನು ತರಲೇಬೇಕು, ಆದರೆ ಆ ಫಲಗಳಿಂದ ದೇವರ ಮುಂದೆ ನೀತಿವಂತಿಕೆಯನ್ನು ಗಳಿಸಿಕೊಳ್ಳಲಾಗದು. ಮರ ಒಳ್ಳೆಯದಾದ್ದರಿಂದ ಕಾಯಿ ಒಳ್ಳೆಯದು; ಕಾಯಿ ಬಿಟ್ಟು ಮರ ಒಳ್ಳೆಯದಾಗುವುದಿಲ್ಲ. ‘ತಾನಾಗಿಯೇ’ ಎಂಬ ಮಾರ್ಕನ ಮಾತಿನ ಕಡೆ ಇದು ವಾಲುತ್ತದೆ.

ಕಿರಿಯ: ಅದಕ್ಕೆ ಎದುರಾಡಿದವರು?

ಹಿರಿಯ: ಕೊಂಬೆಯನ್ನು ಮೆಚ್ಚುತ್ತ ಕಾಯಿಯನ್ನೇ ಮರೆತವರು ಹೆಚ್ಚಾದಾಗ ಎದ್ದರು. 1702ರಿಂದ ಸ್ಕಾರಾದ ಬಿಷಪ್ ಆಗಿದ್ದ ಯೆಸ್ಪರ್ ಸ್ವೆಡ್‌ಬರ್ಗ್, ತಲೆಯಲ್ಲಷ್ಟೇ ಇರುವ ನಂಬಿಕೆ ನಂಬಿಕೆಯೇ ಅಲ್ಲವೆಂದು ಬೋಧಿಸಿದ. ಅವನ ಮಗ ಎಮಾನುವೆಲ್ ಸ್ವೀಡನ್‌ಬೋರ್ಗ್ ಇನ್ನೂ ಮುಂದೆ ಹೋದ. ಧರ್ಮಗ್ರಂಥದ ಪ್ರತಿಯೊಂದು ಪ್ರಕೃತಿವಸ್ತುವಿಗೂ ಆತ್ಮಲೋಕದಲ್ಲಿ ಒಂದು ಹೊಂದಿಕೆ ಇದೆ ಎಂಬುದು ಅವನ ವಾದ. ಆ ಪ್ರಕಾರ ಎಲೆ ಎಂದರೆ ಸತ್ಯದ ತಿಳಿವಳಿಕೆ, ಫಲ ಎಂದರೆ ಪ್ರೀತಿಯಿಂದ ಮಾಡಿದ ಒಳಿತು. 1763ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚು ಮಾಡಿಸಿದ ಬದುಕಿನ ಬೋಧೆಯ ಪುಸ್ತಕದಲ್ಲಿ, ಧರ್ಮವೆಂಬುದೆಲ್ಲ ನಡೆವಳಿಕೆಗೆ ಸೇರಿದ್ದು ಎಂದು ಸಾಧಿಸಿದ. ನಂಬಿಕೆಯೊಂದೇ ಸಾಕು ಎಂಬ ಅಧಿಕೃತ ಬೋಧನೆಗೆ ಇದು ನೇರ ವಿರೋಧ. 1760ರ ದಶಕದ ಕೊನೆಯಲ್ಲಿ ಗೊಥೆನ್‌ಬರ್ಗಿನ ಸಭಾಮಂಡಳಿಯಲ್ಲಿ ಅವನ ಬರಹಗಳ ಮೇಲೂ, ಅವನ್ನು ಮೆಚ್ಚಿದ್ದ ಗೇಬ್ರಿಯಲ್ ಬೇಯರ್ ಮತ್ತು ಯೋಹಾನ್ ರೋಸೆನ್ ಎಂಬ ಅಧ್ಯಾಪಕರ ಮೇಲೂ ಧರ್ಮವಿರೋಧದ ವಿಚಾರಣೆ ನಡೆಯಿತು.

ಕಿರಿಯ: ಪದದ ಕಡೆಯಿಂದ ನೋಡಿದರೆ ಯಾರು ಸರಿ?

ಹಿರಿಯ: ಪದ ಇಬ್ಬರಿಗೂ 'ಅರ್ಧ ಸರಿ' ಎನ್ನುತ್ತದೆ. ಫಲದಿಂದ ಮರ ಹುಟ್ಟಿತು ಎಂದು ‘ಕರ್ಪೊಫೊರೆಯೊ’ ಎಲ್ಲೂ ಹೇಳಿಲ್ಲ. ಅಷ್ಟರ ಮಟ್ಟಿಗೆ 1593ರ ಸಭೆಯ ಓದು ನಿಲ್ಲುತ್ತದೆ. ಫಲವಿಲ್ಲದ ನೆಲವನ್ನು ಒಳ್ಳೆಯ ನೆಲವೆಂದೂ ಅದು ಕರೆದಿಲ್ಲ. ಅಷ್ಟರ ಮಟ್ಟಿಗೆ ಸ್ವೆಡ್‌ಬರ್ಗನ ಎಚ್ಚರಿಕೆ ನಿಲ್ಲುತ್ತದೆ. ನಿನ್ನ ಗೇಣಿಯ ಆಕ್ಷೇಪಕ್ಕೂ ಅಲ್ಲೇ ಉತ್ತರ. ಗೇಣಿದಾರ ಬೇರೆ ಕಡೆಯಿಂದ ಕೊಂಡು ತಂದಾದರೂ ಬಾಕಿ ತೀರಿಸಬಹುದು. ನೆಲಕ್ಕೆ ಆ ದಾರಿ ಇಲ್ಲ; ತನ್ನಲ್ಲಿ ಬಿದ್ದ ಬೀಜ ಬಿಟ್ಟು ಬೇರೇನನ್ನೂ ಅದು ಹೊರಲಾರದು.

ಕಿರಿಯ: ಸ್ವೀಡನ್ ಎಂದರೆ ಸಸ್ಯಶಾಸ್ತ್ರದ ನಾಡೂ ಹೌದು. ಲಿನೇಯಸ್‌ಗೂ ಈ ಪದಕ್ಕೂ ಸಂಬಂಧವಿದೆಯೇ?

ಹಿರಿಯ: ಇದೆ, ಎರಡು ದಾರಿಯಲ್ಲಿ. ಲ್ಯಾಟಿನ್ ಬೈಬಲ್ ಮಾರ್ಕನಲ್ಲೂ ಪೌಲನ ಪತ್ರಗಳಲ್ಲೂ ‘ಕರ್ಪೊಫೊರೆಯೊ’ವನ್ನು ‘ಫ್ರುಕ್ಟಿಫಿಕಾರೆ’ ಎಂದು ತರುತ್ತದೆ. ಸ್ಮೊಲ್ಯಾಂಡಿನ ಪಾದ್ರಿಯೊಬ್ಬನ ಮಗನಾದ ಲಿನೇಯಸ್ 1751ರ ‘ಫಿಲಾಸಫಿಯಾ ಬೊಟಾನಿಕಾ’ದಲ್ಲಿ ಹೂವು, ಕಾಯಿ ಎರಡನ್ನೂ ಸೇರಿಸಿ ಇಟ್ಟ ಹೆಸರು ‘ಫ್ರುಕ್ಟಿಫಿಕಾಟಿಯೊ’. ಅದರ ಏಳು ಅಂಗಗಳಲ್ಲಿ ಒಂದಾದ ‘ಪೆರಿಕಾರ್ಪಿಯಂ’, ಬೀಜದ ಸುತ್ತಿನ ಹೊದಿಕೆ, ಥಿಯೊಫ್ರಾಸ್ಟಸ್‌ನಿಂದ ಬಂದ ಕರ್ಪೊಸ್‌ನದೇ ಪದ. ಲಿನೇಯಸ್‌ನ ಲಕ್ಷಣದ ಪ್ರಕಾರ ಫ್ರುಕ್ಟಿಫಿಕಾಟಿಯೊ ಎಂದರೆ ಸಂತಾನಕ್ಕಾಗಿ ಇರುವ ತಾತ್ಕಾಲಿಕ ಭಾಗ. ಹಳೆಯದನ್ನು ಮುಗಿಸಿ ಹೊಸದನ್ನು ತೊಡಗಿಸುವಂಥದ್ದು. ಧರ್ಮಬೋಧೆಯ ಉದ್ದೇಶದಿಂದ ಬರೆದದ್ದಲ್ಲ. ಆದರೂ ಫಲದೊಳಗೆ ಮುಂದಿನ ಬಿತ್ತನೆ ಇರುತ್ತದೆ, ಫಲವೇ ಕೊನೆಯಲ್ಲ ಎಂಬುದು ಕೊಲೊಸ್ಸೆ ಪತ್ರದ ‘ಫಲ ಹೊರುತ್ತ ಬೆಳೆಯುತ್ತ’ ಎಂಬ ಜೋಡಿಯನ್ನು ಓದಲು ನೆರವಾಗುತ್ತದೆ. ಅಲ್ಲಿ ಫಲದ ಮಾತು ಮೊದಲು, ಬೆಳವಣಿಗೆಯ ಮಾತು ಆಮೇಲೆ.

ಕಿರಿಯ: ಎರಡನೆಯ ದಾರಿ?

ಹಿರಿಯ: ಲಿನೇಯಸ್‌ನ ಆಶ್ರಯದಾತ ಉಲೋಫ್ ಸೆಲ್ಸಿಯಸ್, ಉಪ್ಸಾಲಾದ ದೇವತಾಶಾಸ್ತ್ರ ಪ್ರಾಧ್ಯಾಪಕ, ಉಷ್ಣಮಾಪಕದ ಆಂಡರ್ಸ್ ಸೆಲ್ಸಿಯಸ್‌ನ ಚಿಕ್ಕಪ್ಪ. ಬಡ ವಿದ್ಯಾರ್ಥಿಯಾಗಿದ್ದ ಲಿನೇಯಸ್‌ಗೆ 1729ರಲ್ಲಿ ಮನೆಯಲ್ಲಿ ಜಾಗ ಕೊಟ್ಟವನು ಅವನೇ. ಸೆಲ್ಸಿಯಸ್ ಬೈಬಲ್ಲಿನ ಗಿಡಮರಗಳನ್ನು ಗುರುತಿಸುವ ‘ಹೈರೊಬೊಟಾನಿಕಾನ್’ ಗ್ರಂಥವನ್ನು 1745 ಮತ್ತು 1747ರಲ್ಲಿ ಎರಡು ಸಂಪುಟಗಳಾಗಿ ಹೊರತಂದ. ಲಿನೇಯಸ್‌ನ ಶಿಷ್ಯ ಫ್ರೆಡ್ರಿಕ್ ಹಾಸೆಲ್‌ಕ್ವಿಸ್ಟ್ 1749ರಲ್ಲಿ ಪೂರ್ವದೇಶಗಳಿಗೆ ಹೊರಟು, ಪ್ಯಾಲೆಸ್ಟೈನಿನಲ್ಲಿ ಸಸ್ಯಗಳನ್ನು ಕೂಡಿಸಿ, 1752ರಲ್ಲಿ ಸ್ಮಿರ್ನಾದ ಬಳಿ ತೀರಿಕೊಂಡ. ಅವನ ಬರಹಗಳನ್ನು ಲಿನೇಯಸ್ 1757ರಲ್ಲಿ ಪ್ರಕಟಿಸಿದ. ಮೃತಸಮುದ್ರದ ಬಳಿಯ ‘ಸೊದೋಮಿನ ಸೇಬು’, ಹೊರಗೆ ಚೆಂದ, ಒಳಗೆ ಧೂಳು ಎಂದು ಹೆಸರಾದ ಕಾಯಿ, ಬದನೆಯ ಜಾತಿಯದೆಂದು ಹಾಸೆಲ್‌ಕ್ವಿಸ್ಟ್ ಗುರುತಿಸಿದ. ಗ್ರೀಕ್ ಬೈಬಲ್ಲಿನ ಜ್ಞಾನಗ್ರಂಥದ 10ನೇ ಅಧ್ಯಾಯ ಆ ಸೊದೋಮಿನ ಸೀಮೆಯ ಗಿಡಗಳ ಬಗ್ಗೆ, ಮಾಗದ ಕಾಯಿ ಬಿಡುತ್ತವೆ ಎನ್ನುವಾಗ ಬಳಸುವುದು ‘ಕರ್ಪೊಫೊರೆಯೊ’ ಪದವನ್ನೇ. ಲೂಕ ಎರಡು ಕ್ರಿಯಾಪದಗಳನ್ನು ಜೊತೆಯಾಗಿ ಇಟ್ಟದ್ದೇಕೆ ಎಂಬುದು ಇದರಿಂದ ತಿಳಿಯುತ್ತದೆ. ಗ್ರೀಕಿನಲ್ಲಿ ಈ ಪದ ಒಂದೇ ಮಾಗುವಿಕೆಗೆ ಖಾತರಿ ಕೊಡುವುದಿಲ್ಲ; ಖಾತರಿ ಕೊಡುವುದು ಅದರ ಜೊತೆಗಿರುವ ತಾಳ್ಮೆ.

ಕಿರಿಯ: ಗ್ರೀಕರು ಈಗಲೂ ಈ ಪದವನ್ನು ಬಳಸುತ್ತಾರೆಯೇ?

ಹಿರಿಯ: ಆರಾಧನೆಯಲ್ಲಿ ಬಳಸುತ್ತಾರೆ, ಬೇರೆ ತಿರುವಿನಲ್ಲಿ. ಸಂತ ಕ್ರಿಸೊಸ್ತೊಮನ ಹೆಸರಿನ ಪೂಜಾವಿಧಿಯಲ್ಲಿ, ದೇವಾಲಯದಲ್ಲಿ ‘ಫಲ ಹೊರುವವರಿಗಾಗಿ’ ಒಂದು ಬಿನ್ನಹವಿದೆ. ಅಲ್ಲಿ ಅದರ ಅರ್ಥ ಕಾಣಿಕೆ ತರುವವರು, ದಾನ ಕೊಡುವವರು. ಸ್ವೀಡನ್ನಿನ ಗ್ರೀಕ್ ಆರ್ಥೊಡಾಕ್ಸ್ ಸಭೆಗೆ 1969ರಲ್ಲಿ ಸ್ವಂತ ಮಹಾಧರ್ಮಪ್ರಾಂತ ಆಯಿತು. ಸ್ಟಾಕ್‌ಹೋಮಿನ ಬಿರ್ಯರ್ ಯಾರ್ಲ್ಸ್‌ಗಾಟನ್ ಬೀದಿಯ ಸಂತ ಜಾರ್ಜ್ ಕೆಥೆಡ್ರಲ್ ಅದರ ಕೇಂದ್ರ. ಈ ಪೂಜಾವಿಧಿ ಅವರದೂ ಹೌದು. ದಾನದ ಅರ್ಥ ಪೌಲನ ನಾಮಪದದಲ್ಲೇ ಇತ್ತು. ಫಿಲಿಪ್ಪಿಯವರು ಕಳಿಸಿದ ಹಣಸಹಾಯವನ್ನು ಅವರ ಲೆಕ್ಕಕ್ಕೆ ಸೇರುವ ಫಲವೆಂದು ಅವನು ಬರೆದಿದ್ದ. ಪೂಜಾವಿಧಿ ಅದನ್ನು ಕ್ರಿಯಾಪದಕ್ಕೂ ಹಬ್ಬಿಸಿತು.

ಕಿರಿಯ: ಕೊನೆಗೆ ಕನ್ನಡದ ಓದುಗನ ಕಷ್ಟ. ‘ಫಲ’ ಎಂದೊಡನೆ ನಮಗೆ ಕರ್ಮಫಲ ನೆನಪಾಗುತ್ತದೆ: ಮಾಡಿದವನಿಗೆ ತಿರುಗಿ ಬರುವುದು.

ಹಿರಿಯ: ಕಷ್ಟ ನಿಜ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್‌ನಿಂದ ಶುರುವಾದ ಕನ್ನಡ ಬೈಬಲ್ಲಿನ ಕೆಲಸದಲ್ಲಿ, ಶತಮಾನಗಳಿಂದ ಬೇರೆ ಅರ್ಥ ತುಂಬಿದ್ದ ಪದಗಳನ್ನೇ ಬಳಸಬೇಕಿತ್ತು. ಭಗವದ್ಗೀತೆಯ ಓದುಗನಿಗೆ ಫಲವೆಂದರೆ ಕರ್ತೃವಿನ ಕಡೆ ಬರುವಂಥದ್ದು, ಅವನು ಆಸೆ ಬಿಡಬೇಕಾದದ್ದು. ಹೊಸ ಒಡಂಬಡಿಕೆಯಲ್ಲೂ ಮಾಡಿದ್ದು ತಿರುಗಿ ಬರುತ್ತದೆ ಎಂಬ ವಿಚಾರವಿದೆ. ಗಲಾತ್ಯದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಮನುಷ್ಯ ತಾನು ಬಿತ್ತಿದ್ದನ್ನೇ ಕೊಯ್ಯುತ್ತಾನೆ. ಅಲ್ಲಿ ಬರುವ ಕ್ರಿಯಾಪದಗಳು ‘ಬಿತ್ತು’, ‘ಕೊಯ್ಯು’. ಅವುಗಳ ಕರ್ತೃ ಬೆಳೆಗಾರ. ‘ಕರ್ಪೊಸ್’ ಎಂಬ ನಾಮಪದವೂ ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ತನಗೆ ಬರುವ ಲಾಭ ಎಂಬ ಅರ್ಥಕ್ಕೆ ತಿರುಗುತ್ತದೆ. ‘ಕರ್ಪೊಫೊರೆಯೊ’ ಮಾತ್ರ ಎಂಟು ಕಡೆಯಲ್ಲಿ ಒಂದರಲ್ಲೂ ತಿರುಗಿ ಬರುವ ಲಾಭವನ್ನು ಹೇಳುವುದಿಲ್ಲ. ಹೆಚ್ಚಿನ ಕಡೆ ಅದರ ಕರ್ತೃ ನೆಲ, ನೆಲದಂಥ ಮನುಷ್ಯರು, ಅಥವಾ ಬಿತ್ತಿದ ವಾಕ್ಯವೇ. ನೆಲ ತನ್ನ ಬೆಳೆಯನ್ನು ತಾನು ಉಣ್ಣುವುದಿಲ್ಲ.

ಕಿರಿಯ: ಹಾಗಿದ್ದರೆ ಕನ್ನಡದ ‘ಫಲ ಕೊಡು’ ಎಂಬುದರಲ್ಲಿ ‘ಕೊಡು’ ದಾರಿ ತಪ್ಪಿಸುವುದಿಲ್ಲ.

ಹಿರಿಯ: ತಪ್ಪಿಸುವುದಿಲ್ಲ, ಪಡೆಯುವವರು ಬೇರೆ ಎಂಬುದನ್ನು ಚೆನ್ನಾಗಿಯೇ ತೋರಿಸುತ್ತದೆ. ಕಾಲ ಮತ್ತು ತೂಕದ ಭಾವ ಮಾತ್ರ ಅದರಲ್ಲಿ ಕಡಿಮೆ. ಅದನ್ನು ಸುತ್ತಲಿನ ಮಾತುಗಳಿಂದ ತುಂಬಿಕೊಳ್ಳಬೇಕು. ಎಂಟು ಕಡೆಗಳಲ್ಲಿ ಯಾವುದನ್ನು ಓದಿದರೂ ಮೂರು ವಿಷಯ ವಿಚಾರಿಸಬೇಕು: ಬಿತ್ತಿದ ಬೀಜ ಯಾವುದು, ಹೊತ್ತು ನಿಂತವರು ಯಾರು, ಫಲ ಸೇರಿದ್ದು ಯಾರಿಗೆ. ಮಾರ್ಕ ಮೊದಲ ಪ್ರಶ್ನೆಗೆ, ಲೂಕ ಎರಡನೆಯದಕ್ಕೆ, ಪೌಲ ಮೂರನೆಯದಕ್ಕೆ ಹೆಚ್ಚು ಒತ್ತು ಕೊಟ್ಟಿದ್ದಾರೆ. ಮೂರೂ ಕೂಡಿದರೆ ಪದದ ಅರ್ಥ ಪೂರ್ತಿಯಾಗುತ್ತದೆ: ತನಗೆ ಕೊಟ್ಟ ಜೀವವನ್ನು ಮಾಗುವವರೆಗೆ ಹೊತ್ತು ಇನ್ನೊಬ್ಬರಿಗೆ ಒಪ್ಪಿಸುವುದು.